ಬಾಣಂತಿ ಕೋಣೆಯ ಗಾಳಿ

ಜನವರಿ ೨೦, ೨೦೧೯. ಭಾನುವಾರ

…ಅಥವಾ ಅವನು ‘ಎಲ್ಲಿ ಹೋಯಿತು’ ಅನ್ನಲಿಲ್ಲ, ‘ಎಲ್ಲಿ ಬಚ್ಚಿಟ್ಟಿದ್ದೀರಿ’ ಅಂದ. ಸರಿಯಾಗಿ ನೆನಪಾಗುತ್ತಿಲ್ಲ. ಇಂದುಧರ ತನ್ನ ಮನೆಯ ಸಂಕ್ರಾಂತಿ ಕೂಟದಲ್ಲಿ ಎಳ್ಳುಬೆಲ್ಲದ ತಟ್ಟೆ ಹಿಡಿದುಕೊಂಡು ಎಲ್ಲರೆದುರಿಗೆ ಕೇಳಿದ್ದು ಹೆಚ್ಚುಕಡಿಮೆ ಹೀಗೆ:

“ಏನ್ ಜಯರಾಮ್, ನಿಮ್ಮ ಗ್ಲೋಬಲ್ ವಾರ್ಮಿಂಗ್‌ನ ಎಲ್ಲಿ ಬಚ್ಚಿಟ್ಟಿದ್ದೀರಿ? ಮಗಳ ಊರಲ್ಲಿ ಎಲ್ಲಾ ಮೈನಸ್ಸಂತೆ. ಒಂದು ಕಂಟೇನರ್ ತುಂಬಿಸಿ ಪಾರ್ಸಲ್ ಮಾಡ್ಬಾರ್ದಾ ಅಲ್ಲಿಗೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡು ವರ್ಷದ ಹಿಂದೆ ಅದೇ ಮನೆಯ ಹಿತ್ತಲಲ್ಲಿ ಕೂತು, ಈಗಿನ ಬೇಸಿಗೆ ಮೊದಲಿನ ಹಾಗಿಲ್ಲ ಎಂದು ಒಂದು ಮಾತು ಆಡಿದ್ದೆ. ಅಂದಿನಿಂದ ಭೂಮಿಯ ಕಾವು ನನ್ನ ಸ್ವಂತ ಆಸ್ತಿಯಾಗಿದೆ. ಅಲ್ಲಿ, ರಾಂಚೊ ಬರ್ನಾರ್ಡೊದ ಆ ಮನೆಗಳಲ್ಲಿ, ಎಲ್ಲರೂ ಕಂಪ್ಯೂಟರ್ ಚಿಪ್ಪು, ಷೇರು, ಮಕ್ಕಳ ಕಾಲೇಜು ಎಂದು ಮಾತಾಡುತ್ತಾರೆ. ನಾನು ಬಂದರಿನವನು, ಸ್ವಲ್ಪ ಬೇರೆ. ಪ್ರತಿ ಸಂಕ್ರಾಂತಿಗೂ ಹೆಂಡತಿ ಸುಗಂಧಿ ಜೊತೆಗಿರುತ್ತಿದ್ದಳು, ಅವಳು ಎಲ್ಲರೊಡನೆ ಮಾತಾಡುತ್ತಿದ್ದಳು, ನಾನು ಕಾರಿನ ಬೀಗದಕೈ ಹಿಡಿದು ಕಾಯುತ್ತಿದ್ದೆ. ಈ ಸಲ ಒಬ್ಬನೇ. ಹೋಗದಿದ್ದರೂ ಆಗುತ್ತಿತ್ತು.

ಸುಗಂಧಿ ಮಿನಿಯಾಪೊಲಿಸ್‌ನಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದಾಳೆ. ಶ್ರದ್ಧಾಳಿಗೆ ಹೆಣ್ಣುಮಗು. ಎಲ್ಲರೂ ಅಭಿನಂದಿಸಿದರು, “ಅಜ್ಜ ಆದ್ರಲ್ಲ” ಎಂದರು. ‘ಯಾವಾಗ ಹೋಗ್ತೀರಿ’ ಎಂದೂ ಕೇಳಿದರು. ಚೀನಾದ ಹೊಸವರ್ಷಕ್ಕೆ ಮುಂಚೆ ಬಂದರಿನಲ್ಲಿ ಹಡಗುಗಳ ನೂಕುನುಗ್ಗಲು, ರಜೆ ಸಿಗುವುದಿಲ್ಲ ಎಂದೆ. ನಿಜ. ರಜೆ ಕೇಳಿಲ್ಲ ಎನ್ನುವುದೂ ನಿಜ. ಮಗು ಹುಟ್ಟಿದೆ, ಆರೋಗ್ಯವಾಗಿದೆ, ಅದರ ಸುತ್ತ ಮೂರು ಜನ ಇದ್ದಾರೆ. ನಾಲ್ಕನೆಯವನು ಸೋಫಾದ ಮೇಲೆ ಕೂತು ಏನು ಮಾಡಬೇಕು?

ವಾಪಸು ಬರುವಾಗ ಕಾರಿನ ಕಿಟಕಿ ಇಳಿಸಿದ್ದೆ. ಜನವರಿಯಲ್ಲಿ, ಅಂಗಿಯ ಮೇಲೆ ಏನೂ ಇಲ್ಲದೆ.

ಜನವರಿ ೨೩, ಬುಧವಾರ

ಇವತ್ತು ಒಂದು ಸಿಗಡಿಯ ಕಂಟೇನರ್. ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ ಕೆಳಮೂಲೆಯಲ್ಲಿ ಹರಿದಿತ್ತು. ಹತ್ತಿರ ಹೋದರೆ ಪಾದಕ್ಕೆ ಮಂಜುಗಡ್ಡೆಯಂಥ ಗಾಳಿ. ಲೋಡ್ ಇಳಿಸಲು ಬಂದ ಹೊಸ ಹುಡುಗಿ ಕೈ ಉಜ್ಜಿಕೊಳ್ಳುತ್ತ, ಇದು ತುಂಬಾ ಚೆನ್ನಾಗಿ ತಣ್ಣಗಾಗುತ್ತಿದೆ ಅಂದಳು. ನಾನು ಹೊರಗಿನ ಅಂಕಿ ತೋರಿಸಿದೆ. ಮೈನಸ್ ಹದಿನೆಂಟಿರಬೇಕಾದ್ದು ಮೈನಸ್ ಒಂಬತ್ತಕ್ಕೆ ಬಂದು ಮೇಲೇರುತ್ತಲೇ ಇತ್ತು. ನಿನ್ನ ಕಾಲಿಗೆ ತಣ್ಣಗಾಗುತ್ತಿದೆ ಎಂದರೆ ಒಳಗೆ ಬಿಸಿಯಾಗುತ್ತಿದೆ ಎಂದೇ ಅರ್ಥ ಎಂದೆ. ಥಂಡಿ ಹೊಸದಾಗಿ ಹುಟ್ಟಲಿಲ್ಲ. ಇರಬೇಕಾದ ಜಾಗ ಬಿಟ್ಟು ಹೊರಟಿದೆ, ಅಷ್ಟೆ.

ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಥಂಡಿಯನ್ನು ಕಾಯುವುದು. ನಮ್ಮ ಸ್ಯಾನ್ ಪೀಡ್ರೊ ಬಂದರಿಗೆ ಬಂದಿಳಿಯುವ ಶೀತಲ ಕಂಟೇನರ್‌ಗಳು ಒಂದೊಂದೂ ತನ್ನದೇ ಒಂದು ಅಂಕಿ ಹೊತ್ತು ಬರುತ್ತವೆ. ಮೀನಿಗೆ ಒಂದು, ಹೂವಿಗೆ ಒಂದು, ಹಣ್ಣಿಗೆ ಒಂದು. ಆ ಅಂಕಿ ಅಲುಗಾಡದಂತೆ ನೋಡಿಕೊಳ್ಳುವವನು ನಾನು. ‘ನಿಮಗೆ ಇದೇ ಸರಿ’ ಎಂದು ಸುಗಂಧಿ ಒಮ್ಮೆ ಹೇಳಿದ್ದಳು. ಹೊಗಳಿದಳೋ ಏನೋ, ನಾನು ಕೇಳಲಿಲ್ಲ.

ಜನವರಿ ೨೫, ಶುಕ್ರವಾರ

ವಿಡಿಯೊ ಕಾಲ್. ಮೊದಲು ಒಂದು ಸೀಲಿಂಗ್ ಕಾಣಿಸಿತು, ಆಮೇಲೆ ಸುಗಂಧಿಯ ಮೂಗು, ಆಮೇಲೆ ಶ್ರದ್ಧಾ. ತಲೆಗೆ ಉಣ್ಣೆಯ ಸ್ಕಾರ್ಫ್, ಎರಡೂ ಕಿವಿಗೆ ಹತ್ತಿ, ಕಾಲಿಗೆ ಸಾಕ್ಸಿನ ಮೇಲೆ ಸಾಕ್ಸು. ಆಸ್ಪತ್ರೆಯಲ್ಲಿ ದಿನಾ ನೂರು ಜನರಿಗೆ ಎಕ್ಸ್‌ರೇ ತೆಗೆಯುವ ಹೆಂಗಸು.

“ಅಪ್ಪಾ, ಐ ಆಮ್ ಅ ಪ್ರಿಸನರ್ ಹಿಯರ್. ಅಮ್ಮಾ ವೋಂಟ್ ಲೆಟ್ ಮಿ ಓಪನ್ ದ ಫ್ರಿಜ್ ಈವನ್.”

“ಫ್ರಿಜ್ಜಿನಿಂದ ಗಾಳಿ ಬರುದಿಲ್ವಾ?” ಹಿಂದಿನಿಂದ ಸುಗಂಧಿಯ ಸ್ವರ. “ಬಾಣಂತಿಗೆ ಗಾಳಿ ಸೋಕಬಾರದು. ಈಗ ನಗಾಡು. ನನ್ನ ವಯಸ್ಸಿಗೆ ಬಂದು ಸೊಂಟ ನೋವು ಅಂತ ಕೂತಾಗ ನೆನಪಾಗ್ತದೆ.”

ಬಾಣಂತಿ ಕೋಣೆ ತೋರಿಸಿದಳು. ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರ ಅಂಚಿಗೆ ಟೇಪು, ಬಾಗಿಲಿನ ಕೆಳಗೆ ಸುತ್ತಿಟ್ಟ ಟವೆಲು. ಬೆಳಿಗ್ಗೆ ತೆಂಗಿನೆಣ್ಣೆ ತಿಕ್ಕಿ ಬಿಸಿನೀರಿನಲ್ಲಿ ಮೀಯಿಸುವುದು, ಆಮೇಲೆ ಸಾಂಬ್ರಾಣಿ ಹೊಗೆಯಲ್ಲಿ ತಾಯಿಯ ಕೂದಲು ಒಣಗಿಸುವುದು, ಮಗುವಿನ ಬಟ್ಟೆಗೂ ಅದೇ ಹೊಗೆ ಹಿಡಿಯುವುದು. ಕಾಪುವಿನ ತನ್ನ ತವರುಮನೆಯನ್ನು ಮಡಚಿ ಸೂಟ್‌ಕೇಸಿನಲ್ಲಿ ತಂದು ಅಲ್ಲಿ ಬಿಚ್ಚಿದ್ದಾಳೆ.

“ಹೊಗೆ ಹಾಕಿದ ಕೂಡ್ಲೆ ಮೇಲೆ ಆ ಅಲಾರಮ್ಮು ಬೊಬ್ಬೆ ಹೊಡೀತಿತ್ತು ಮಾರಾಯ್ರೆ. ಮಗು ಬೆಚ್ಚಿ ಬೀಳ್ತಿತ್ತು. ಸುಮುಖನ ಹತ್ರ ಹೇಳಿ ತೆಗೆಸಿ ಕಪಾಟಿನಲ್ಲಿ ಇಟ್ಟದ್ದು.”

ಅಳಿಯ ಸುಮುಖ ಧಾರವಾಡದವನು. ನಮ್ಮ ಹತ್ತಿರದ ಪೊಮೊನಾದಲ್ಲಿ ಓದುತ್ತಿದ್ದಾಗ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ. ಊಟಕ್ಕೆ ಮಾತ್ರ ಬರುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ಅವನು ಪರದೆಯ ಮೂಲೆಯಿಂದ ಕೈ ಬೀಸಿ, “ಹೂಂನ್ರಿ ಮಾವಾರ, ಅತ್ತಿಯವರ ಮುಂದ ಅಲಾರಮ್ಮಿನ ಆಟ ನಡೀಲಿಲ್ಲ” ಎಂದ.

ನಾನು ನಕ್ಕೆ. ನಮ್ಮ ಮನೆಗಳಲ್ಲಿ ಇದು ಹೊಸತಲ್ಲ. ಗಣಹೋಮದ ದಿನ ಮೊದಲು ಸ್ಟೂಲು ಹತ್ತಿ ಅಲಾರಮ್ಮಿಗೆ ಸ್ನಾನದ ಟೋಪಿ ತೊಡಿಸುತ್ತೇವೆ, ಆಮೇಲೆ ಭಟ್ಟರಿಗೆ ಕಾಲು ತೊಳೆಯಲು ನೀರು ಕೊಡುತ್ತೇವೆ.

ಮಗುವನ್ನು ತೋರಿಸಿದರು. ಬಟ್ಟೆಯ ಗಂಟು. ನಡುವೆ ಸ್ವಲ್ಪ ಮುಖ.

ಜನವರಿ ೨೮, ಸೋಮವಾರ

ಅಲ್ಲಿ ಹಿಮ ಬಿದ್ದಿದೆ. ಅದರ ಹಿಂದೆ ದೊಡ್ಡ ಥಂಡಿ ಬರುತ್ತಿದೆ ಎಂದು ಟಿವಿಯಲ್ಲಿ ಭೂಪಟಕ್ಕೆ ನೇರಳೆ ಬಣ್ಣ ಬಳಿದು ತೋರಿಸುತ್ತಿದ್ದಾರೆ. ಸುಮುಖ ಫೋನಿನಲ್ಲಿ ವಿವರಿಸಿದ.

“ಏನಿಲ್ರಿ ಮಾವಾರ, ಉತ್ತರ ಧ್ರುವದ ಮ್ಯಾಲೆ ಥಂಡಿ ಗಾಳಿ ಬುಗುರಿ ಹಂಗ ಒಂದ ಕಡೆ ತಿರುಗ್ತಿರ್ತದ. ಮೊನ್ನೆ ಅದರ ನೆತ್ತಿ ಮ್ಯಾಲೆ ಒಮ್ಮಿಗಲೇ ಬೆಚ್ಚಗಾಗಿ, ಬುಗುರಿ ಒಡದು ಎರಡು ಮೂರು ಹೋಳಾತಂತ. ಒಂದು ಹೋಳು ಸೀದಾ ನಮ್ಮ ತಲಿ ಮ್ಯಾಲೆ.”

“ಬೆಚ್ಚಗಾದದ್ದರಿಂದ ಥಂಡಿಯಾ?”

“ಹಂಗಂತಾರ‍್ರಿ. ಅಲ್ಲೆ ಬರ್ಫ ಕರಗಿದಷ್ಟೂ ಹಿಂಗ ಆಗೂದು ಜಾಸ್ತಿ ಅಂತ ಕೆಲವರು, ಇನ್ನೂ ಖಾತ್ರಿ ಇಲ್ಲ ಅಂತ ಕೆಲವರು. ಜಗಳ ನಡದದ.”

ಸಿಗಡಿಯ ಕಂಟೇನರ್ ನೆನಪಾಯಿತು. ಹರಿದ ರಬ್ಬರ್ ಪಟ್ಟಿ, ಪಾದಕ್ಕೆ ತಗುಲಿದ ಗಾಳಿ, ಮೇಲೇರುವ ಅಂಕಿ. ಇಂದುಧರನಿಗೆ ಇದನ್ನು ಬರೆದು ಕಳಿಸಬಹುದಿತ್ತು. ಕಳಿಸಲಿಲ್ಲ. ಎಳ್ಳುಬೆಲ್ಲದ ಹೊತ್ತು ಮುಗಿದಿದೆ.

ಸುಗಂಧಿ ಉತ್ಸಾಹದಲ್ಲಿದ್ದಳು. ಮನೆಯಲ್ಲಿ ಎಲ್ಲಿಂದಲೋ ಥಂಡಿ ಹರಿಯುತ್ತಿದೆ ಎಂದು ಎರಡು ದಿನ ಹುಡುಕಿ ಇವತ್ತು ಕಳ್ಳನನ್ನು ಹಿಡಿದಳಂತೆ.

“ಕೆಳಗೆ ಬೇಸ್‌ಮೆಂಟಿನಲ್ಲಿ, ಆ ಬಿಸಿಗಾಳಿಯ ಮಿಶನ್ ಹತ್ರ, ಗೋಡೆಯಿಂದ ಒಂದು ಪೈಪು ಬಂದು ಬಾಯಿ ಬಿಟ್ಕೊಂಡು ಕೂತಿದೆ. ಹೊರಗಿನ ಗಾಳಿ ಪೂರಾ ಅದರಲ್ಲೇ ಒಳಗೆ! ಕಟ್ಟಿಸಿದವನಿಗೆ ಮಂಡೆ ಸಮ ಇರ್ಲಿಕ್ಕಿಲ್ಲ. ಮಗುವಿಗೆ ಹಾಸ್ಲಿಕ್ಕೆ ಅಂತ ತಂದ ಹಳೇ ಸೀರೆ ಇತ್ತಲ್ಲ, ಆ ನೀಲಿದು, ಅದನ್ನೇ ಗಟ್ಟಿ ತುರುಕಿದೆ. ಈಗ ನೋಡಿ, ಮನೆ ಬೆಚ್ಚಗೆ.”

ಯಾವ ನೀಲಿ ಎಂದು ಕೇಳಿದೆ. ಮದುವೆಯಾದ ವರ್ಷ ಉಡುಪಿಯ ಕೈಮಗ್ಗದ ಅಂಗಡಿಯಲ್ಲಿ ಕೊಂಡದ್ದಂತೆ. ನನಗೆ ನೆನಪಿಲ್ಲ ಎಂದೆ. ನೆನಪಿತ್ತು.

ಜನವರಿ ೨೯, ಮಂಗಳವಾರ

ಎಲ್ಲ ಸುಖ. ಅಲ್ಲಿ ನಾಳೆ ಶಾಲೆಯಿಲ್ಲ, ಟಪಾಲು ಇಲ್ಲ, ಸುಮುಖನ ಆಫೀಸೂ ಇಲ್ಲ. ಶ್ರದ್ಧಾಳಿಗೆ ಸ್ವಲ್ಪ ತಲೆನೋವು, ಸುಗಂಧಿಗೆ ಹೊಟ್ಟೆ ತೊಳಸಿದ ಹಾಗೆ, ಥಂಡಿಗೆ ಹೀಗಾಗುತ್ತದೆ. ಶುಂಠಿ ಕಷಾಯ ಮಾಡಿ ಕುಡಿದಿದ್ದಾರೆ. ಮಗು ಬಹಳ ಒಳ್ಳೆಯದಾಗಿದೆಯಂತೆ. ಮೊದಲು ಗಂಟೆಗೊಮ್ಮೆ ಅಳುತ್ತಿದ್ದದ್ದು ಈಗ ಅಳುವುದೇ ಇಲ್ಲ, ಮಲಗಿದರೆ ಮಲಗಿಯೇ ಇರುತ್ತದೆ. ಕೋಣೆ ಬೆಚ್ಚಗಾದದ್ದರ ಗುಣ ಎಂದಳು ಸುಗಂಧಿ.

ಜನವರಿ ೩೦, ಬುಧವಾರ, ಸಂಜೆ

ಮಿನಿಯಾಪೊಲಿಸ್: ಬೆಳಿಗ್ಗೆ ಮೈನಸ್ ಇಪ್ಪತ್ತೆಂಟು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ, ಸೆಲ್ಸಿಯಸ್ಸಿನಲ್ಲಿ, ಮೈನಸ್ ಮೂವತ್ತಮೂರು. ನನ್ನ ಯಾವ ಕಂಟೇನರ್‌ನ ಒಳಗೂ ಅಷ್ಟು ಥಂಡಿಯಿಲ್ಲ.

ಆದದ್ದನ್ನು ಆದ ಕ್ರಮದಲ್ಲಿ ಬರೆಯಬೇಕು. 

ಮಧ್ಯಾಹ್ನದ ಊಟದ ನಂತರ ಪೆರುವಿನಿಂದ ಬಂದ ಮಾವಿನಹಣ್ಣಿನ ಕಂಟೇನರ್ ನೋಡಲು ಹೋದೆ. ಅಂಕಿ ಸರಿಯಾಗಿತ್ತು, ರಬ್ಬರ್ ಸರಿಯಾಗಿತ್ತು, ದಾರಿಯುದ್ದಕ್ಕೂ ಒಂದು ಡಿಗ್ರಿಯೂ ಅಲುಗಿರಲಿಲ್ಲ. ಆದರೆ ಮುಂಭಾಗದ ಗಾಳಿಕಿಂಡಿ ಮುಚ್ಚಿತ್ತು. ಮೀನಿನ ಕಂಟೇನರ್‌ನಲ್ಲಿ ಅದನ್ನು ಮುಚ್ಚಬೇಕು, ಹಣ್ಣಿನದ್ದರಲ್ಲಿ ತೆರೆದಿಡಬೇಕು. ಹಣ್ಣು ಕೊಯ್ದ ಮೇಲೂ ಉಸಿರಾಡುತ್ತದೆ. ಅದು ಹಡಗು ಹತ್ತಿದ ಬಂದರಿನಲ್ಲಿ ಯಾರೋ, ಥಂಡಿ ಸೋರಿ ಹೋಗದಿರಲಿ ಎಂದು ಒಳ್ಳೆಯ ಮನಸ್ಸಿನಿಂದಲೇ, ಕಿಂಡಿಯನ್ನು ಗಟ್ಟಿಯಾಗಿ ತಿರುಗಿಸಿ ಮುಚ್ಚಿದ್ದರು. ಬಾಗಿಲು ತೆರೆದರೆ ಹುಳಿ ಹೆಂಡದ ವಾಸನೆ. ಅಂಥ ಕಂಟೇನರ್‌ನೊಳಗೆ ಕೂಡಲೆ ಹೋಗಬಾರದು, ಬಾಗಿಲು ತೆರೆದು ಹೊರಗೆ ಕಾಯಬೇಕು. ಒಳಗಿನ ಗಾಳಿ ಸತ್ತಿರುತ್ತದೆ.

ಕಾಯುತ್ತ ನಿಂತಿದ್ದೆ. ಎದುರಿಗೆ ಸಮುದ್ರ, ಬಿಸಿಲು, ಗಲ್ ಎಂಬ ಕಡಲಹಕ್ಕಿಗಳು. ಮುಚ್ಚಿದ ಕಿಂಡಿಯನ್ನು ನೋಡುತ್ತಿದ್ದೆ. ಅದು ಕಿಂಡಿಯಾಗಿಯೇ ಕಾಣುತ್ತಿತ್ತು. ಮರುಗಳಿಗೆಗೆ ಅದರೊಳಗೆ ಒಂದು ನೀಲಿ ಸೀರೆ ಕಾಣಿಸಿತು.

ಬೆಂಕಿ ಉರಿಯುವ ಮಿಶನ್ನು. ಅದರ ಪಕ್ಕದಲ್ಲಿ ಸುಮ್ಮನೆ ಯಾರೂ ಬಾಯಿ ತೆರೆದ ಪೈಪು ಇಡುವುದಿಲ್ಲ. ಬೆಂಕಿಯೂ ಉಸಿರಾಡಬೇಕು. ಉಸಿರು ಸಾಲದ ಬೆಂಕಿ ವಿಷ ಕಾರುತ್ತದೆ, ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಹೊಟ್ಟೆ ತೊಳಸುವುದು. ಅಳದ ಮಗು. ಹೊಗೆಗೂ ಈ ವಿಷಕ್ಕೂ ಕೂಗಬೇಕಾದ ಒಂದೇ ಅಲಾರಂ ಕಪಾಟಿನಲ್ಲಿ.

ಸುಗಂಧಿಗೆ ಫೋನ್ ಮಾಡಿದೆ. ಗಂಟೆ ಬಾರಿಸಿ ನಿಂತಿತು. ಶ್ರದ್ಧಾಳಿಗೆ ಮಾಡಿದೆ. ಅದೂ ನಿಂತಿತು. ಸುಮುಖನಿಗೆ ಮತ್ತೆ ಮತ್ತೆ ಮಾಡಿದೆ. ಕೊನೆಗೆ ಎತ್ತಿದ.

“ಮಾವಾರ…” ನೀರಿನೊಳಗಿಂದ ಬಂದಂಥ ಸ್ವರ. “ಮಲ್ಕೊಂಡಿದ್ವಿರಿ ಎಲ್ಲಾರೂ. ತಲಿ ಭಾಳ ನೋಯ್ಲಿಕ್ಕತ್ತದ.”

“ಏಳು. ಎಲ್ಲರನ್ನೂ ಎಬ್ಬಿಸಿ ಮನೆಯಿಂದ ಹೊರಗೆ ಹೋಗು.”

“ಹೊರಗ? ಹೊರಗ ಮೈನಸ್ ಅದ ರೀ…”

“ಗೊತ್ತು. ಹೊರಗೆ ಹೋಗು. ಎದುರುಮನೆಗೆ ಹೋಗು.”

ನಾನು ಕಿರುಚುತ್ತಿದ್ದೆನಂತೆ. ಆಮೇಲೆ ಜೊತೆಯವರು ಹೇಳಿದರು. ನನಗೆ ನನ್ನ ಸ್ವರ ಕೇಳಿಸುತ್ತಿರಲಿಲ್ಲ. ಫೋನ್ ಕೈ ಬದಲಾಯಿತು.

“ಎಂತ ಮಾರಾಯ್ರೆ ನಿಮ್ದು? ಅವನಿಗೆ ಎಂತ ಹೇಳಿದ್ದು? ಬಾಣಂತಿಯನ್ನ, ಎಳೇ ಮಗುವನ್ನ ಈ ಥಂಡಿಗೆ ಹೊರಗೆ ಹಾಕುದಾ? ಇಲ್ಲಿ ಉಗುಳಿದ್ರೆ ಕೆಳಗೆ ಬೀಳುವಾಗ ಕಲ್ಲಾಗ್ತದೆ. ನಿಮಗೆ ಮಂಡೆ…”

“ಸುಗಂಧಿ. ನೀನು ಸೀರೆ ತುರುಕಿದ ಪೈಪ್ ಉಂಟಲ್ಲ. ಆ ಮನೆ ಉಸಿರಾಡುವುದು ಅದರಲ್ಲಿ.”

ಆ ಕಡೆ ಮಂಚದ ಸದ್ದು, ಅವಳು ಎದ್ದು ನಿಂತಿರಬೇಕು. 

“ಮಗು ಅಳುತ್ತಿದೆಯಾ?” ಎಂದೆ.

“ಇಲ್ಲ,” ಎಂದಳು. ಸಣ್ಣ ಸ್ವರ. ಆಮೇಲೆ ಅವಳ ಹೆಜ್ಜೆ, ಅವಳು ಶ್ರದ್ಧಾಳ ಹೆಸರು ಕೂಗಿದ್ದು, ಮತ್ತೆ ಕೂಗಿದ್ದು, ಕೆನ್ನೆಗೆ ಹೊಡೆದ ಸದ್ದು. “ಏಳ್ತಾ ಇಲ್ಲ, ಸುಮುಖಾ, ಇವಳು ಏಳ್ತಾ ಇಲ್ಲ.” “ಅತ್ತಿ, ನೀವು ಕೂಸಿನ್ನ ತಗೋರಿ, ನಾ ಇಕಿನ್ನ ಎತ್ಕೋತೀನಿ.” ಏನೋ ಉರುಳಿ ಬಿತ್ತು. ಫೋನ್ ಅವಳ ಕೈಯಲ್ಲೇ ಇತ್ತು, ಕಿವಿಯಲ್ಲಿ ಇರಲಿಲ್ಲ. ಟೇಪು ಹರಿದ ಸದ್ದು. ಬಾಗಿಲಿನ ಕೆಳಗೆ ಅವಳೇ ಸುತ್ತಿಟ್ಟಿದ್ದ ಟವೆಲಿಗೆ ಬಾಗಿಲು ಸಿಕ್ಕಿಕೊಂಡಿರಬೇಕು, ಅವಳು ಅದಕ್ಕೆ ತುಳುವಿನಲ್ಲಿ ಬೈದಳು.

ಆಮೇಲೆ ಗಾಳಿ. ಫೋನಿನಲ್ಲಿ ಗಾಳಿ ಮಾತ್ರ. ನಾನು ಬಿಸಿಲಿನಲ್ಲಿ ನಿಂತು ಆ ಗಾಳಿಯನ್ನು ಕೇಳುತ್ತಿದ್ದೆ. ಅಷ್ಟು ಜೀವಗಳನ್ನು ಅದರ ಬಾಯಿಗೆ ಕಳಿಸಿದವನು ನಾನು. ನನ್ನ ಊಹೆ ತಪ್ಪಾಗಿದ್ದರೆ? ಪೈಪು ಬೇರೆ ಯಾವುದಕ್ಕೋ ಇದ್ದು, ತಲೆನೋವು ಬರೀ ತಲೆನೋವಾಗಿದ್ದರೆ?

ಗಾಳಿಯ ಒಳಗಿಂದ ಒಂದು ಸದ್ದು ಬಂತು. ಮೊದಲು ಹಕ್ಕಿಯದು ಅಂದುಕೊಂಡೆ, ಇಲ್ಲಿಯ ಗಲ್ ಹಕ್ಕಿ. ತೆಳ್ಳಗೆ, ಮುರಿದು ಮುರಿದು, ಮತ್ತೆ ಒಮ್ಮೆಗೇ ಗಟ್ಟಿಯಾಗಿ, ಸಿಟ್ಟಿನಿಂದ. ಮಗು ಅಳುತ್ತಿತ್ತು.

ಫೋನ್ ಸತ್ತಿತು. ಅಷ್ಟು ಥಂಡಿಗೆ ಬ್ಯಾಟರಿ ಉಳಿಯುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೂ ಮತ್ತೆ ಮತ್ತೆ ಒತ್ತುತ್ತ ನಿಂತಿದ್ದೆ.

ಎದುರುಮನೆಯ ಅಜ್ಜಿಯ ಫೋನಿನಿಂದ ಸುಮುಖ ಮಾತಾಡಿದಾಗ ಇಲ್ಲಿ ಬಿಸಿಲು ಇಳಿದಿತ್ತು. ಅಜ್ಜಿ ಕರೆಸಿದ ಅಗ್ನಿಶಾಮಕದವರು ಮನೆಯೊಳಗೆ ಮೀಟರ್ ಹಿಡಿದು ಹೋಗಿ ಕೂಡಲೆ ಹೊರಗೆ ಬಂದು ಮುಖವಾಡ ಹಾಕಿಕೊಂಡು ಮತ್ತೆ ಹೋದರಂತೆ. ಇನ್ನು ಸಂಜೆಯವರೆಗೆ ಮಲಗಿದ್ದರೆ, ಎಂದು ಅವರಲ್ಲೊಬ್ಬರು ಏನೋ ಹೇಳಹೊರಟು ನಿಲ್ಲಿಸಿದರಂತೆ. ಶ್ರದ್ಧಾ ಹೊಸ್ತಿಲು ದಾಟಿದ ಮೇಲೆ ಕಣ್ಣು ತೆರೆದಳು. ಆಮೇಲೆ ಆಸ್ಪತ್ರೆಯಿಂದ ಮತ್ತೆ ಫೋನ್ ಮಾಡಿದ: ಈಗ ಎಲ್ಲರೂ ಅಲ್ಲಿದ್ದಾರೆ, ಆಮ್ಲಜನಕ ಕೊಡುತ್ತಿದ್ದಾರೆ. ಮಗುವಿನ ರಕ್ತ ಪರೀಕ್ಷೆ ಮಾಡಿ, ಪರವಾಗಿಲ್ಲ ಎಂದಿದ್ದಾರೆ.

ಪರವಾಗಿಲ್ಲ. ಈ ಪದವನ್ನು ಇನ್ನೊಮ್ಮೆ ಬರೆಯುತ್ತೇನೆ. ಪರವಾಗಿಲ್ಲ.

ಜನವರಿ ೩೧, ಗುರುವಾರ

ಅಲ್ಲಿ ಮೈನಸ್ ಇಪ್ಪತ್ತೇಳು. ಮನೆಗೆ ಹೋಗಲು ಬಿಟ್ಟಿದ್ದಾರೆ, ಮನೆಗೆ ಹೋಗಿಲ್ಲ, ಹೋಟೆಲಿನಲ್ಲಿದ್ದಾರೆ. ನಾನು ಕೆಲಸಕ್ಕೆ ಹೋಗಿದ್ದೆ. ಮಾವು ಎಲ್ಲ ಎಸೆಯಬೇಕಾಯಿತು. ನನಗೆ ಬೇಸರವಾಗಲಿಲ್ಲ.

ಇಲ್ಲಿ ಮಳೆ. ಕಿಟಕಿ ತೆರೆದೇ ಇಟ್ಟೆ. ನೆಲ ಒದ್ದೆಯಾಯಿತು.

ಫೆಬ್ರವರಿ ೩, ಭಾನುವಾರ

ಮಿನಿಯಾಪೊಲಿಸ್: ಪ್ಲಸ್ ನಲವತ್ತು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ನಾಲ್ಕು! ಬುಧವಾರದಿಂದ ಭಾನುವಾರದೊಳಗೆ ಅರವತ್ತೆಂಟು ಡಿಗ್ರಿ ಏರಿದೆ. ನನ್ನ ಕೈಕೆಳಗಿನ ಯಾವುದಾದರೂ ಯಂತ್ರ ಹೀಗೆ ಕುಣಿದಿದ್ದರೆ ನಾನು ಅದನ್ನು ದುರಸ್ತಿಗೆ ಕಳಿಸುತ್ತಿದ್ದೆ. ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆ, ಜನ ಟೀಶರ್ಟಿನಲ್ಲಿ ನಾಯಿ ತಿರುಗಿಸುತ್ತಿದ್ದಾರೆ ಎಂದು ಸುಮುಖ ಹೇಳಿದ. ಮನೆಗೆ ಮರಳಿದ್ದಾರೆ. ಮಿಶನ್ ಪರೀಕ್ಷೆ ಆಯಿತು, ಅಲಾರಂ ಹೊಸದು, ಕೋಣೆಗೊಂದರಂತೆ.

ಸುಗಂಧಿ ಬುಧವಾರದಿಂದ ನನ್ನೊಡನೆ ನೆಟ್ಟಗೆ ಮಾತಾಡಿರಲಿಲ್ಲ. ‘ಹೂಂ’, ‘ಇಲ್ಲ’, ‘ಊಟ ಆಯ್ತಾ’. ಇವತ್ತು ತಾನಾಗಿ ಫೋನ್ ಮಾಡಿದಳು. ಬಹಳ ಹೊತ್ತು ಸಾಂಬಾರಿನ ಬಗ್ಗೆ ಹೇಳಿದಳು. ಆಮೇಲೆ:

“ತುರುಕಿದ್ದು ನಾನೇ ಅಲ್ವಾ.”

“ನನ್ನ ಹತ್ತಿರ ಹೇಳಿಯೇ ತುರುಕಿದ್ದು. ನಾನು ಯಾವ ನೀಲಿ ಅಂತ ಕೇಳಿದೆ.”

“ನನ್ನ ಅಮ್ಮ ನನಗೆ ಹಾಗೇ ಮಾಡಿದ್ದು. ಅವರ ಅಮ್ಮ ಅವರಿಗೆ. ಗಾಳಿ ಬರುವ ಎಲ್ಲಾ ಸಂದು ಮುಚ್ಚುದು.”

“ಕಾಪುವಿನ ಮನೆಗೆ ಹಂಚಿನ ಮಾಡು, ಸುಗಂಧಿ. ಎಷ್ಟು ಮುಚ್ಚಿದರೂ ಹಂಚಿನ ಸಂದಿನಲ್ಲಿ ಗಾಳಿ ಬರುತ್ತದೆ. ನಿನ್ನ ಅಮ್ಮ ಧೈರ್ಯವಾಗಿ ಮುಚ್ಚಬಹುದಿತ್ತು.”

 ಅವಳು ಮೂಗು ಎಳೆದುಕೊಂಡಳು, ನಂತರ ನಕ್ಕಳು.

“ಆ ಸೀರೆ ಹೊರಗೆ ಎಳೆದದ್ದು ಅಗ್ನಿಶಾಮಕದ ಒಬ್ಬ ಆರಡಿ ಆಳು. ಮಡಚಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ ಮಾರಾಯ್ರೆ, ದೇವಸ್ಥಾನದ ಪ್ರಸಾದದ ಹಾಗೆ. ತೊಳೆದಿಟ್ಟಿದ್ದೇನೆ. ಮಗುವಿಗೆ ಹಾಸುದಾ, ಬಿಸಾಡುದಾ ಗೊತ್ತಾಗುದಿಲ್ಲ.”

“ಹಾಸು.”

“ನೆನಪಿಲ್ಲ ಅಂದಿರಿ ಮೊನ್ನೆ.”

ನಾನು ಮಗು ಹೇಗಿದೆ ಎಂದೆ.

“ಬೆಳಿಗ್ಗಿಂದ ಕೂಗುದೇ ಕೂಗುದು. ಶ್ರದ್ಧಾ ಅಳ್ಲಿಕ್ಕೆ ಬಿಡುದಿಲ್ಲ, ನಾನು ಬಿಡ್ತೇನೆ. ಕೂಗ್ಲಿ, ಕೂಗಿದ್ರೆ ಒಳ್ಳೇದು.”

ಫೋನನ್ನು ಸ್ವಲ್ಪ ಮಗುವಿನ ಹತ್ತಿರ ಹಿಡಿ ಎಂದೆ. ಹಿಡಿದಳು. ಸುಮಾರು ಹೊತ್ತು ಕೇಳಿದೆ. ನಡುವೆ ಶ್ರದ್ಧಾಳ ಸ್ವರ: “ಅಪ್ಪಾ? ಆರ್ ಯೂ ಸ್ಟಿಲ್ ದೇರ್?” ಹೌದು, ಇದ್ದೇನೆ ಎಂದೆ. ಅವಳು ಎಷ್ಟೋ ವರ್ಷದ ಮೇಲೆ ನನ್ನೊಡನೆ ಕನ್ನಡದಲ್ಲಿ, “ಬನ್ನಿ” ಅಂದಳು.

ಇಂದುಧರನ ಸಂದೇಶ ಇತ್ತು. ಸುದ್ದಿ ಅವನಿಗೂ ಮುಟ್ಟಿದೆ. ಎಳ್ಳುಬೆಲ್ಲದ ದಿನ ತಮಾಷೆ ಮಾಡಬಾರದಿತ್ತು ಎಂದು ಬರೆದಿದ್ದ. ಫೋನ್ ಮಾಡಿದೆ. ತಮಾಷೆಯಿಂದ ಏನೂ ಆಗಲಿಲ್ಲ ಎಂದೆ. ಆಮೇಲೆ ಸಿಗಡಿಯ ಕಂಟೇನರ್ ಕತೆ ಹೇಳಿದೆ, ಹರಿದ ರಬ್ಬರು, ತಣ್ಣಗಾದ ಪಾದ, ಮೇಲೇರಿದ ಅಂಕಿ.

“ಅಂದ್ರೆ ನಾವೆಲ್ಲ ಬಾಗಿಲ ಹತ್ರ ನಿಂತ್ಕೊಂಡು, ಎಂಥಾ ಥಂಡಿ ಎಂಥಾ ಥಂಡಿ ಅಂತಿದೀವಿ ಅನ್ನಿ,” ಎಂದ ಅವನು.

“ಇರಬಹುದು. ಖಾತ್ರಿ ಇಲ್ಲ, ಜಗಳ ನಡೆಯುತ್ತಿದೆ.”

“ಇದನ್ನ ಮೊದಲೇ ಹೇಳೋಕೇನಾಗಿತ್ತು ಮಹಾರಾಯ ನಿಮಗೆ? ಬಾಯಲ್ಲಿ ಕಡಲೆಕಾಯಿ ಇತ್ತಾ?”



ಫೆಬ್ರವರಿ ೬, ಬುಧವಾರ

ರಜೆ ಕೇಳಿದೆ. ಕೊಟ್ಟರು. ಅಷ್ಟು ಸುಲಭವಿತ್ತು. ಚೀನಾದ ಹೊಸವರ್ಷ ನಿನ್ನೆಗೆ ಬಂತು, ಹಡಗುಗಳ ನೂಕುನುಗ್ಗಲು ಇನ್ನು ಇಳಿಯುತ್ತದೆ, ಟಿಕೆಟ್ಟೂ ಸಿಕ್ಕಿತು, ಹಾಗಾಗಿ ಹೋಗುತ್ತಿದ್ದೇನೆ, ಬೇರೆ ವಿಶೇಷವಿಲ್ಲ.

ಕೆಲಸದ ಜಾಗದಿಂದ ದಪ್ಪ ಜಾಕೆಟ್ ತಂದಿದ್ದೇನೆ. ಶೀತಲ ಗೋದಾಮಿನೊಳಗೆ ಹೋಗುವಾಗ ತೊಡುವಂಥದು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಈ ಊರಿನ ಬಿಸಿಲಿಗೆ ಹುಚ್ಚನ ಹಾಗೆ ಕಾಣಿಸಿತು. ಬೆವರು ಇಳಿಯಿತು. ತೆಗೆಯಲಿಲ್ಲ. ಸೂಟ್‌ಕೇಸಿನಲ್ಲಿ ಅರ್ಧ ಜಾಗ ಸುಗಂಧಿ ಹೇಳಿದ ಸಾಮಾನು: ಕುಚ್ಚಲಕ್ಕಿ, ಒಂದು ಬಾಟಲಿ ತೆಂಗಿನೆಣ್ಣೆ, ಸಾಂಬ್ರಾಣಿ ಬೇಡವೇ ಬೇಡ ಅಂದಿದ್ದಾಳೆ. ಉಳಿದ ಅರ್ಧದಲ್ಲಿ ಕಂಟೇನರ್‌ನ ಒಳಗಿನ ಗಾಳಿ ಉಸಿರಾಡಲು ಸರಿಯಿದೆಯೇ ಎಂದು ನೋಡುವ ಒಂದು ಮಾಪಕ. ಅದನ್ನು ಯಾಕೆ ಇಟ್ಟೆನೋ. ಅಲ್ಲಿ ಈಗ ಕೋಣೆಗೊಂದು ಅಲಾರಂ ಇದೆ. ಆದರೂ ಇರಲಿ.

ನಾಮಕರಣಕ್ಕೆ ನಾನು ಬರುವವರೆಗೆ ಕಾಯುತ್ತಾರಂತೆ. ಹೆಸರು ಇನ್ನೂ ಗಟ್ಟಿಯಾಗಿಲ್ಲ. ಸುಮುಖ ಒಂದು ಹೇಳುತ್ತಾನೆ, ಶ್ರದ್ಧಾ ಇನ್ನೊಂದು, ಸುಗಂಧಿ ಎರಡಕ್ಕೂ ಒಪ್ಪಿಲ್ಲ. ನನ್ನನ್ನು ಕೇಳಿದರು. ಹೋಗಿ ಮುಖ ನೋಡಿ ಹೇಳುತ್ತೇನೆ ಎಂದೆ. ಹಾಗಾಗಿ ಇವತ್ತಿನ ಮಟ್ಟಿಗೆ ಅವಳನ್ನು ಕರೆಯಲು ನನ್ನಲ್ಲಿ ಹೆಸರಿಲ್ಲ.

ಸಂಜೆ ಬಾಲ್ಕನಿಯಲ್ಲಿ ಕೂತಿದ್ದೆ. ಬಂದರಿನ ಕಡೆಯಿಂದ ಎಂದಿನ ಗಾಳಿ ಬರುತ್ತಿತ್ತು. ಡೀಸೆಲ್, ಉಪ್ಪು, ಸ್ವಲ್ಪ ಮೀನು. ಇಷ್ಟು ವರ್ಷ ಅದು ಬಂದು ಹೋಗುತ್ತಿತ್ತು, ನಾನು ಅದಕ್ಕೆ ಒಂದು ಅಂಕಿ ಕೊಟ್ಟು ಬಿಡುತ್ತಿದ್ದೆ. ಇವತ್ತು ಕೈ ಮುಂದೆ ಚಾಚಿ, ಬೆರಳುಗಳ ನಡುವೆ ಅದು ಹಾಯುವುದನ್ನು ನೋಡಿದೆ. ನಮ್ಮಲ್ಲಿ ಎಲ್ಲ ಮಕ್ಕಳಿಗೂ ಮೊದಲ ಗಾಳಿ ಸೋಕುವುದು ನಿಧಾನವಾಗಿ, ತಿಂಗಳು ಕಳೆದು, ಒಳ್ಳೆಯ ದಿನ ನೋಡಿ, ತಲೆಗೆ ಬಟ್ಟೆ ಮುಚ್ಚಿ. ಮಗೂ, ನಿನಗೆ ಮಾತ್ರ ಹಾಗಾಗಲಿಲ್ಲ. ಭೂಮಿಯ ನೆತ್ತಿಯ ಮೇಲೆ ಇರಬೇಕಾಗಿದ್ದ ಗಾಳಿ, ಅಲ್ಲಿ ಬೆಚ್ಚಗಾಯಿತೆಂದು ಮನೆ ಬಿಟ್ಟು, ದಾರಿ ತಪ್ಪಿ ಅಷ್ಟು ದೂರ ಬಂದು, ಮೊದಲು ಮುಟ್ಟಿದ್ದು ನಿನ್ನ ಮುಖ. ಎಲ್ಲರೂ ಅದಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದ್ದಾಗ ನಾನು ನಿನ್ನನ್ನು ಅದರ ಕೈಗೆ ಕೊಟ್ಟೆ. ಅದು ನಿನ್ನನ್ನು ವಾಪಸು ಕೊಟ್ಟಿತು. ನೀನು ಕಿರುಚಿದೆ, ನಾನು ಇಲ್ಲಿ ಬಿಸಿಲಿನಲ್ಲಿ ನಿಂತು ಕೇಳಿದೆ. ಅದರ ಬಗ್ಗೆ ನನಗೆ ಅಂಕಿ ಮಾತ್ರ ಗೊತ್ತು. ಉಳಿದದ್ದು ಗೊತ್ತಿರುವುದು ನಿನಗೊಬ್ಬಳಿಗೇ. ಹೇಳು ಕೂಸೇ, ಹೇಗಿತ್ತು ಆ ಗಾಳಿ?